ಕಿಟಕಿ, ಬಿಸಿಲು, ಬಲ್ಬು, ದೀಪ: ನಿಮ್ಮ ಚಿತ್ರಕ್ಕೆ ಯಾವ ಬೆಳಕು?

ಸ್ಟಿಲ್ ಲೈಫ್, ಅಂದರೆ ಮುಂದೆ ಜೋಡಿಸಿಟ್ಟ ವಸ್ತುಗಳ ಚಿತ್ರ, ಬರೆಯಲು ಕೂರುವವರು ಮೇಜಿನ ಮೇಲೆ ಏನಿಡಬೇಕು ಅಂತ ಅರ್ಧ ಗಂಟೆ ಯೋಚಿಸುತ್ತಾರೆ. ಯಾವ ಬೆಳಕಲ್ಲಿ ಇಡಬೇಕು ಅಂತ ಯೋಚಿಸುವವರು ಕಡಿಮೆ. ಟ್ಯೂಬ್‌ಲೈಟ್ ಹೇಗೂ ಉರಿಯುತ್ತಿರುತ್ತದೆ, ಅದರ ಕೆಳಗೇ ಕೂತುಬಿಡುತ್ತಾರೆ. ಆಮೇಲೆ ಹಣ್ಣು ದುಂಡಗೆ ಕಾಣ್ತಿಲ್ಲ, ಚಿತ್ರ ಚಪ್ಪಟೆಯಾಗಿದೆ ಅಂತ ಬಣ್ಣವನ್ನೋ ಬ್ರಶ್ಶನ್ನೋ ಬೈಯುತ್ತಾರೆ. ಮೇಲಿಂದ ಟ್ಯೂಬ್‌ಲೈಟ್, ಎಡಕ್ಕೆ ಕಿಟಕಿ, ಹಿಂದೆ ಹಾಲ್‌ನ ಬಲ್ಬು, ಹೀಗೆ ಮೂರು ಕಡೆಯಿಂದ ಬೆಳಕು ಬಿದ್ದರೆ ಯಾವ ಹಣ್ಣೂ ದುಂಡಗೆ ಕಾಣೋದಿಲ್ಲ. ಒಂದರ ನೆರಳನ್ನು ಇನ್ನೊಂದು ಅಳಿಸಿರುತ್ತದೆ, ಅಷ್ಟೇ.

ಇಲ್ಲಿ ನಾಲ್ಕು ಬೆಳಕುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಬೆಳಕು ಬದಲಾದರೂ ಸಾಮಾನು ಅದೇ ಇರಲಿ: ಒಂದು ಮಣ್ಣಿನ ಕುಡಿಕೆ, ಒಂದು ನಿಂಬೆಹಣ್ಣು, ಒಂದು ಸ್ಟೀಲ್ ಲೋಟ, ಕೆಳಗೆ ಬಿಳಿ ಪಂಚೆ. ಕುಡಿಕೆಗೆ ಹೊಳಪಿಲ್ಲ, ನಿಂಬೆಗೆ ಸ್ವಲ್ಪ ಇದೆ, ಲೋಟ ಪೂರ್ತಿ ಹೊಳಪು. ಬೆಳಕಿನ ಗುಣ ತಿಳಿಯಲು ಇಷ್ಟು ಸಾಕು. ನಾನು ಜಲವರ್ಣದ ಲೆಕ್ಕದಲ್ಲಿ ಹೇಳುತ್ತೇನೆ, ಪೋಸ್ಟರ್ ಕಲರ್, ಆಯಿಲ್, ಅಕ್ರಿಲಿಕ್ ಬಳಸುವವರಿಗೂ ಹೆಚ್ಚಿನದೆಲ್ಲ ಹೊಂದುತ್ತದೆ.

ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಈಗಷ್ಟೇ ಕಲಿಯುತ್ತಿದ್ದೀರಾ, ಒಂದೇ ಬಲ್ಬು ಹಿಡಿಯಿರಿ. ಬಣ್ಣದ ಸೂಕ್ಷ್ಮ ಕಲಿಯಬೇಕಾ, ಕಿಟಕಿ. ಕೈಗೆ ವೇಗ ಬರಬೇಕಾ, ಬಿಸಿಲು. ದೀಪದ ಬೆಳಕು ಎಲ್ಲಕ್ಕಿಂತ ಆಸೆ ಹುಟ್ಟಿಸುತ್ತದೆ, ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ನೆರಳಿಗೆ ಬೆಳಕು ಎಲ್ಲಿಂದ?

ಯಾವ ಬೆಳಕನ್ನೇ ಆರಿಸಿ, ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ನೆರಳು ಅಂದರೆ ಬೆಳಕೇ ಇಲ್ಲದ ಜಾಗ ಅಲ್ಲ. ಮುಖ್ಯ ಬೆಳಕು ತಲುಪದ ಜಾಗ, ಅಷ್ಟೇ. ಅಲ್ಲಿಗೆ ಬೇರೆ ಯಾವುದೋ ಬೆಳಕು ಬರುತ್ತಿರುತ್ತದೆ: ಆಕಾಶದ್ದು, ಗೋಡೆಯದ್ದು, ಪಂಚೆಯದ್ದು, ಪಕ್ಕದ ನಿಂಬೆಹಣ್ಣಿನದ್ದು. ನೆರಳಿನ ಬಣ್ಣ ಏನು ಅಂತ ತೀರ್ಮಾನಿಸೋದು ಈ ಎರಡನೇ ಬೆಳಕು.

"ಬೆಳಕು ವಾರ್ಮ್ ಆದರೆ ನೆರಳು ಕೂಲ್, ಬೆಳಕು ಕೂಲ್ ಆದರೆ ನೆರಳು ವಾರ್ಮ್" ಅನ್ನುವ ಸೂತ್ರ ನೀವೂ ಕೇಳಿರುತ್ತೀರಿ. ವಾರ್ಮ್ ಅಂದರೆ ಹಳದಿ, ಕೆಂಪಿನ ಕಡೆಯದು, ಕೂಲ್ ಅಂದರೆ ನೀಲಿಯ ಕಡೆಯದು. ಬಿಸಿಲಿಗೆ ಅದು ಸರಿ, ಯಾಕೆಂದರೆ ಬಿಸಿಲು ತಲುಪದ ಜಾಗಕ್ಕೆ ನೀಲಿ ಆಕಾಶದ ಬೆಳಕು ಬರುತ್ತಿರುತ್ತದೆ. ಕಿಟಕಿಗೂ ಹೆಚ್ಚಾಗಿ ಸರಿ. ಅಲ್ಲಿ ಮುಖ್ಯ ಬೆಳಕೇ ಆಕಾಶದ್ದು, ನೆರಳಿನ ಕಡೆಗೆ ಬರೋದು ಕೋಣೆಯ ಕ್ರೀಮ್ ಗೋಡೆಯಿಂದ, ರೆಡ್‌ಆಕ್ಸೈಡ್ ನೆಲದಿಂದ ತಿರುಗಿ ಬಂದ ಬೆಚ್ಚನೆಯ ಬೆಳಕು. ಆದರೆ ಬಾಗಿಲು ಕಿಟಕಿ ಮುಚ್ಚಿ ಹಳದಿ ಬಲ್ಬು ಒಂದನ್ನೇ ಹಾಕಿ ನೋಡಿ. ನೆರಳಿಗೆ ಬರೋದು ಅದೇ ಬಲ್ಬಿನ ಬೆಳಕು, ಗೋಡೆಗೆ ಬಡಿದು ವಾಪಸ್ ಬಂದದ್ದು. ಅಲ್ಲಿ ನೀಲಿ ಎಲ್ಲಿಂದ ಬರಬೇಕು? ಅದೇ ಹೊತ್ತಿಗೆ ಸಂಜೆ ಆರೂವರೆಗೆ ಕಿಟಕಿ ತೆರೆದರೆ ಪಂಚೆಯ ಮೇಲಿನ ನೆರಳು ನಂಬಲಾರದಷ್ಟು ನೀಲಿಯಾಗುತ್ತದೆ. ಬಲ್ಬು ಬದಲಾಗಲಿಲ್ಲ, ಕುಡಿಕೆ ಬದಲಾಗಲಿಲ್ಲ. ಎರಡನೇ ಬೆಳಕು ಬಂತು.

ಇದನ್ನು ಕಣ್ಣಾರೆ ನೋಡಬೇಕಾದರೆ ಒಂದು ಬೂದು ಬಣ್ಣದ ಕಾರ್ಡ್‌ನಲ್ಲಿ ಪಂಚಿಂಗ್ ಮಷೀನಿನಿಂದ ಎರಡು ತೂತು ಮಾಡಿ. ಒಂದರಲ್ಲಿ ಬೆಳಕಿನ ಭಾಗ, ಇನ್ನೊಂದರಲ್ಲಿ ನೆರಳಿನ ಭಾಗ ಕಾಣುವ ಹಾಗೆ ಹಿಡಿಯಿರಿ. ಸುತ್ತಲಿನ ಗಲಾಟೆ ಹೋಗಿ ಬರೀ ಎರಡು ಬಣ್ಣದ ಚುಕ್ಕೆ ಉಳಿಯುತ್ತವೆ. ಪಂಚೆ ಬಿಳಿ ಅಂತ ನಮ್ಮ ತಲೆ ಹೇಳುತ್ತಿರುತ್ತದೆ, ತೂತಿನಲ್ಲಿ ಅದು ಬಿಳಿ ಅಲ್ಲವೇ ಅಲ್ಲ.

ಕಿಟಕಿ

ಒಂದು ಕಡೆಯ ಕಿಟಕಿ, ಉಳಿದೆಲ್ಲ ದೀಪ ಆಫ್. ದೊಡ್ಡ ಬೆಳಕು ಇದು. ದೊಡ್ಡದು ಅಂದರೆ ಜೋರಾದದ್ದು ಅಂತಲ್ಲ, ಅಗಲವಾದದ್ದು. ಮೂರಡಿ ಕಿಟಕಿಯ ಪ್ರತಿ ಭಾಗದಿಂದಲೂ ಬೆಳಕು ಬರುವುದರಿಂದ ನೆರಳಿನ ಅಂಚು ಮೆತ್ತಗಿರುತ್ತದೆ. ಕುಡಿಕೆಯ ಬುಡದ ಹತ್ತಿರ ಅಂಚು ಸ್ವಲ್ಪ ಗಟ್ಟಿ, ದೂರ ಹೋದಂತೆ ಕರಗುತ್ತಾ ಹೋಗಿ ಕೊನೆಗೆ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗೋದಿಲ್ಲ. ಜಲವರ್ಣದಲ್ಲಿ ಇದನ್ನು ತರಲು ಬುಡದ ಹತ್ತಿರ ಒಣ ಕಾಗದದ ಮೇಲೆ ಬಣ್ಣ ಇಟ್ಟು, ಹೊರಗಿನ ತುದಿಯನ್ನು ಬರೀ ನೀರಿನ ಬ್ರಶ್ಶಿನಿಂದ ಎಳೆದುಬಿಡಬೇಕು.

ಎಲ್ಲ ಪುಸ್ತಕಗಳೂ ಉತ್ತರದ ಕಿಟಕಿ ಹಿಡಿಯಿರಿ ಅನ್ನುತ್ತವೆ. ಈ ಮಾತು ಯುರೋಪಿನದ್ದು. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ನಮ್ಮ ಕಡೆ ಹಾಗಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನಡುನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ವಾಪಸ್ ಬರೋದು ಆಗಸ್ಟ್ 18ರ ಆಸುಪಾಸು. ಶೂನ್ಯ ನೆರಳಿನ ದಿನ ಅಂತ ಪೇಪರ್‌ನಲ್ಲಿ ಬರುತ್ತದಲ್ಲ, ಅವೇ ಆ ಎರಡು ದಿನಗಳು. ಈ ನಡುವಿನ ತಿಂಗಳುಗಳಲ್ಲಿ ಬೆಳಗ್ಗೆ ಮತ್ತು ಸಂಜೆ ಉತ್ತರದ ಕಿಟಕಿಯಿಂದಲೇ ಓರೆ ಬಿಸಿಲು ಒಳಗೆ ಬರುತ್ತದೆ. ಮಧ್ಯಾಹ್ನದ್ದನ್ನು ಸಜ್ಜಾ ತಡೆಯುತ್ತದೆ, ಓರೆ ಬಿಸಿಲನ್ನು ತಡೆಯೋದಿಲ್ಲ.

ಹಾಗಾದರೆ ಏನು ಮಾಡೋದು? ದಕ್ಷಿಣದ ಕಿಟಕಿಗೆ ಹೋಗಿ. ಸೂರ್ಯ ನಡುನೆತ್ತಿಯ ಉತ್ತರಕ್ಕೆ ಇರುವಷ್ಟು ದಿನವೂ ದಕ್ಷಿಣದ ಗೋಡೆಗೆ ಬೆಳಗ್ಗೆಯಿಂದ ಸಂಜೆವರೆಗೆ ನೇರ ಬಿಸಿಲು ಬೀಳೋದೇ ಇಲ್ಲ. ಯುರೋಪಿನವರು ಹೇಳುವ ಉತ್ತರದ ಬೆಳಕು ಆಗ ನಮಗೆ ದಕ್ಷಿಣದಲ್ಲಿ ಸಿಗುತ್ತದೆ. ಹುಬ್ಬಳ್ಳಿ, ಬೀದರ್ ಕಡೆ ಹೋದಂತೆ ಈ ಅವಧಿ ಚಿಕ್ಕದಾಗುತ್ತದೆ, ಬೀದರ್‌ನಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ. ಆಗಸ್ಟ್ ಕಳೆದ ಮೇಲೆ ನಿಧಾನಕ್ಕೆ ಉತ್ತರದ ಕಿಟಕಿಗೆ ವಾಪಸ್ ಬನ್ನಿ. ಮಲೆನಾಡು, ಕರಾವಳಿಯವರಿಗೆ ಜೂನ್ ಬಂದರೆ ಈ ಚಿಂತೆಯೇ ಇಲ್ಲ, ಮೋಡವೇ ಎಲ್ಲ ಕಿಟಕಿಗೂ ಪರದೆ ಕಟ್ಟುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇರುವುದೇ ಒಂದು ಕಿಟಕಿ, ಅದೂ ಪಶ್ಚಿಮಕ್ಕೆ ಅನ್ನುವವರು ಟ್ರೇಸಿಂಗ್ ಪೇಪರ್ ಅಥವಾ ತೆಳು ಬಿಳಿ ಬಟ್ಟೆ ಕಟ್ಟಿಕೊಳ್ಳಿ.

ಕಿಟಕಿಯ ತೊಂದರೆ ಏನೆಂದರೆ ಟೋನ್‌ಗಳು ಹತ್ತಿರ ಹತ್ತಿರ ಇರುತ್ತವೆ. ತಿಳಿಗೂ ಗಾಢಕ್ಕೂ ನಡುವೆ ಹತ್ತಾರು ಮೆಟ್ಟಿಲು. ಹೊಸಬರು ಅಷ್ಟನ್ನೂ ಹಿಡಿಯಲು ಹೋಗಿ ಕಾಗದವನ್ನು ಕೊಳೆ ಮಾಡಿಬಿಡುತ್ತಾರೆ. ಅದಕ್ಕೇ ಕಲಿಯುವವರಿಗೆ ಮೊದಲು ಕಿಟಕಿ ಬೇಡ ಅಂದದ್ದು.

ಬಿಸಿಲು

ಬಾಲ್ಕನಿಯಲ್ಲೋ ಜಗಲಿಯಲ್ಲೋ ಅದೇ ಪಂಚೆ ಹಾಸಿ. ನೆರಳು ಥಟ್ಟನೆ ಎದ್ದು ನಿಲ್ಲುತ್ತದೆ. ಸೂರ್ಯ ನಮಗೆ ಅರ್ಧ ಡಿಗ್ರಿಯಷ್ಟೇ ಅಗಲ ಕಾಣುವುದರಿಂದ ಅಂಚು ಚೂಪು. ಆದರೂ ಪೂರ್ತಿ ಚೂಪಲ್ಲ. ನೆರಳು ಕೊಡುವ ವಸ್ತುವಿನಿಂದ 1 ಮೀಟರ್ ದೂರ ಬಿದ್ದ ನೆರಳಿನ ಅಂಚು ಸುಮಾರು 1 ಸೆಂಟಿಮೀಟರ್ ಮಸುಕಾಗಿರುತ್ತದೆ. ಹೀಗಾಗಿ ಕುಡಿಕೆಯ ನೆರಳಿಗೆ ಕತ್ತರಿಸಿದ ಹಾಗೆ ಅಂಚು ಕೊಡಿ, ಹಿತ್ತಲ ತೆಂಗಿನ ಗರಿಯ ನೆರಳು ಅದೇ ಪಂಚೆಯ ಮೇಲೆ ಬಿದ್ದಿದ್ದರೆ ಅದಕ್ಕೆ ಹಾಗೆ ಕೊಡಬೇಡಿ. ಎರಡಕ್ಕೂ ಒಂದೇ ಅಂಚು ಕೊಟ್ಟರೆ ತೆಂಗಿನ ಮರ ಪಂಚೆಯ ಮೇಲೇ ಬೆಳೆದ ಹಾಗೆ ಕಾಣುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಪಂಚೆಯ ಮೇಲಿನ ನೆರಳಿಗೆ ಅಲ್ಟ್ರಾಮರೀನ್ (ಗಾಢ ನೀಲಿ) ಜಾಸ್ತಿ, ಬರ್ಂಟ್ ಸಿಯೆನ್ನಾ (ಕೆಂಪು ಕಂದು) ಚೂರು. ಕುಡಿಕೆಯ ಬುಡಕ್ಕೆ ಅಂಟಿಕೊಂಡ ಒಂದೆರಡು ಬೆರಳಗಲ ಜಾಗದಲ್ಲಿ ಮಾತ್ರ ಸಿಯೆನ್ನಾ ಜಾಸ್ತಿ ಮಾಡಿ, ಅಲ್ಲಿ ಕುಡಿಕೆಯ ಕೆಂಪು ತಿರುಗಿ ಬಿದ್ದಿರುತ್ತದೆ. ನಿಂಬೆಯನ್ನು ಕುಡಿಕೆಯ ನೆರಳಿನ ಕಡೆಗೆ, ಆದರೆ ಬಿಸಿಲು ತಾಗುವ ಹಾಗೆ ಸರಿಸಿದರೆ ಕುಡಿಕೆಯ ಕತ್ತಲ ಹೊಟ್ಟೆಯ ಮೇಲೆ ಒಂದು ಹಳದಿ ಛಾಯೆ ಮೂಡುತ್ತದೆ. ಅದನ್ನು ಬರೆಯಿರಿ, ಆದರೆ ಬೆಳಕಿನ ಭಾಗಕ್ಕಿಂತ ತಿಳಿ ಮಾಡಬೇಡಿ. ನೆರಳಿನೊಳಗಿನ ಅತಿ ತಿಳಿ ಜಾಗವೂ ಬೆಳಕಿನೊಳಗಿನ ಗಾಢ ಜಾಗಕ್ಕಿಂತ ಗಾಢವಾಗೇ ಇರಲಿ. ಒಂದೇ ಬಣ್ಣದ ವಸ್ತುವಿಗೆ ಈ ನಿಯಮ ನಾಲ್ಕೂ ಬೆಳಕಿನಲ್ಲಿ ನಡೆಯುತ್ತದೆ.

ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಬೆಳಗ್ಗೆ ಎಂಟಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸಿದರೆ ಚಿತ್ರದ ಎಡಭಾಗ ಒಂದು ಹೊತ್ತಿನದು, ಬಲಭಾಗ ಇನ್ನೊಂದು ಹೊತ್ತಿನದು. ಆದ್ದರಿಂದ ಕೂತ ಕೂಡಲೇ ಪೆನ್ಸಿಲ್‌ನಲ್ಲಿ ನೆರಳಿನ ಗೆರೆ ಎಳೆದುಬಿಡಿ, ಆಮೇಲೆ ಅದು ಎಲ್ಲಿಗೆ ಹೋದರೂ ತಲೆ ಕೆಡಿಸಿಕೊಳ್ಳಬೇಡಿ. ಕಾಗದ ಚಿಕ್ಕದಿರಲಿ, ಅರ್ಧ ಗಂಟೆಗೆ ಮುಗಿಯುವಷ್ಟು. ಫ್ರಾನ್ಸಿನ ಚಿತ್ರಕಾರ ಮೋನೆ ಇದೇ ಸಮಸ್ಯೆಗೆ ಬೇರೆ ದಾರಿ ಹಿಡಿದ. 1892 ಮತ್ತು 1893ರಲ್ಲಿ ರುವಾನ್ ಚರ್ಚಿನ ಎದುರು ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಿಸುತ್ತಾ ಹೋದ. ಮೂವತ್ತಕ್ಕೂ ಹೆಚ್ಚು ಚಿತ್ರಗಳಾದವು, ಕೊನೆಗೆ ಅವನ್ನು ಸ್ಟುಡಿಯೋದಲ್ಲಿ ಕೂತು ಮುಗಿಸಿದ. ಅಷ್ಟು ಕ್ಯಾನ್ವಾಸ್ ನಮಗೆ ಗಿಟ್ಟೋದಿಲ್ಲ, ಆದರೆ ಒಂದೇ ಶೀಟನ್ನು ನಾಲ್ಕು ಭಾಗ ಮಾಡಿ ಎಂಟು, ಹತ್ತು, ಮೂರು, ಐದು ಗಂಟೆಗೆ ಒಂದೊಂದು ಬರೆಯಬಹುದು. ನಟ್ಟ ಮಧ್ಯಾಹ್ನ ಬೇಡ. ಆಗ ನೆರಳೆಲ್ಲ ವಸ್ತುವಿನ ಬುಡಕ್ಕೆ ಸೇರಿಕೊಂಡು ಬರೆಯಲು ಏನೂ ಉಳಿಯೋದಿಲ್ಲ.

ಇನ್ನೊಂದು ಮಾತು, ನಿಮ್ಮ ಕಾಗದ ಬಿಸಿಲಲ್ಲಿ ಇರಬಾರದು. ಕಣ್ಣು ಕುಕ್ಕುವ ಕಾಗದದ ಮೇಲೆ ಎಲ್ಲ ಬಣ್ಣವೂ ತಿಳಿ ಅನಿಸಿ ಗಾಢ ಹಾಕುತ್ತಾ ಹೋಗುತ್ತೀರಿ, ಒಳಗೆ ತಂದಾಗ ಚಿತ್ರ ಕಪ್ಪಗಿರುತ್ತದೆ.

ಬಲ್ಬು

ಒಂದು ಟೇಬಲ್ ಲ್ಯಾಂಪ್, ಕತ್ತಲೆ ಕೋಣೆ, ಹಿಂದೆ ಒಂದು ಕಪ್ಪು ಚಾರ್ಟ್ ಶೀಟ್. ಇದರಷ್ಟು ತಾಳ್ಮೆಯ ಮೇಷ್ಟ್ರು ಬೇರೆ ಇಲ್ಲ. ಮೂರು ದಿನ ಬಿಟ್ಟು ಬಂದರೂ ನೆರಳು ಬಿಟ್ಟಲ್ಲೇ ಇರುತ್ತದೆ. ಎತ್ತರ, ದೂರ, ದಿಕ್ಕು ಮೂರೂ ನಿಮ್ಮ ಕೈಯಲ್ಲಿ. ಶುರುವಿಗೆ ಬಲ್ಬನ್ನು ವಸ್ತುವಿನ ಎಡಕ್ಕೆ, ಸ್ವಲ್ಪ ಮುಂದೆ, ಸ್ವಲ್ಪ ಮೇಲೆ ಇಡಿ. ನಿಮ್ಮ ಬೆನ್ನ ಹಿಂದೆ ಮಾತ್ರ ಇಡಬೇಡಿ, ಆಗ ನೆರಳು ವಸ್ತುವಿನ ಹಿಂದೆ ಅಡಗಿಕೊಳ್ಳುತ್ತದೆ.

ಬಿಸಿಲಿನಿಂದ ಬಲ್ಬಿಗೆ ಬಂದಾಗ ಜನ ಎಡವುವುದು ಬಣ್ಣದಲ್ಲಿ ಅಲ್ಲ, ನೆರಳಿನ ದಿಕ್ಕಿನಲ್ಲಿ. ಸೂರ್ಯ ಅಷ್ಟು ದೂರ ಇರೋದರಿಂದ ಸಮತಟ್ಟಾದ ಮೇಜಿನ ಮೇಲೆ ಕುಡಿಕೆ, ನಿಂಬೆ, ಲೋಟ ಮೂರರ ನೆರಳೂ ಒಂದೇ ದಿಕ್ಕಿಗೆ ಬೀಳುತ್ತವೆ. ಬಲ್ಬು ಹತ್ತಿರ ಇದೆ. ನೆರಳುಗಳು ಅದರ ಬುಡದಿಂದ ಹರಡಿಕೊಂಡು ಹೋಗುತ್ತವೆ. ಬಲ್ಬಿನಿಂದ ಮೇಜಿಗೆ ಒಂದು ದಾರ ಇಳಿಬಿಟ್ಟರೆ ಅದು ತಾಗುವ ಜಾಗಕ್ಕೆ ಗುರುತು ಹಾಕಿ. ಎಲ್ಲ ನೆರಳೂ ಆ ಗುರುತಿನಿಂದ ದೂರಕ್ಕೆ ಓಡುತ್ತವೆ.

ಉದ್ದಕ್ಕೂ ಲೆಕ್ಕ ಇದೆ. ಬಲ್ಬು ಮೇಜಿನಿಂದ 40 ಸೆಂಟಿಮೀಟರ್ ಎತ್ತರ, ಕುಡಿಕೆ 10 ಸೆಂಟಿಮೀಟರ್ ಎತ್ತರ ಅಂತಿಟ್ಟುಕೊಳ್ಳಿ. ಕುಡಿಕೆಯನ್ನು ಗುರುತಿನಿಂದ 30 ಸೆಂಟಿಮೀಟರ್ ದೂರ ಇಟ್ಟರೆ ನೆರಳು 10 ಸೆಂಟಿಮೀಟರ್. ಅದೇ ಕುಡಿಕೆಯನ್ನು 60 ಸೆಂಟಿಮೀಟರಿಗೆ ಸರಿಸಿದರೆ ನೆರಳು 20. ಬಿಸಿಲಲ್ಲಿ ಕುಡಿಕೆಯನ್ನು ಎಲ್ಲಿಗೆ ಸರಿಸಿದರೂ ನೆರಳಿನ ಉದ್ದ ಅದೇ. ಅಂದಾಜಿನ ಮೇಲೆ ಬರೆಯುವವರಿಗೆ ಇಷ್ಟು ನೆನಪಿದ್ದರೆ ಸಾಕು: ಬಲ್ಬಿನ ಬೆಳಕಿನಲ್ಲಿ ವಸ್ತು ದೂರ ಹೋದಂತೆ ನೆರಳು ಉದ್ದ, ಮತ್ತು ಪ್ರತಿ ನೆರಳೂ ತುದಿಯ ಕಡೆಗೆ ಹೋದಂತೆ ಅಗಲ.

ಬೆಳಕಿನ ಜೋರೂ ಹಾಗೇ ಇಳಿಯುತ್ತದೆ. ಬಲ್ಬಿನಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಹತ್ತಿರದ ಲೋಟ ಮಿನುಗುತ್ತಿರುತ್ತದೆ, ಎರಡು ಪಟ್ಟು ದೂರದ ನಿಂಬೆ ಅರೆಗತ್ತಲಲ್ಲಿರುತ್ತದೆ. ಪಂಚೆಯೂ ಒಂದೇ ಬಿಳಿ ಅಲ್ಲ, ಬಲ್ಬಿನ ಕಡೆ ಕಾಗದದ ಬಿಳಿ, ಆ ತುದಿಗೆ ಹೋಗುವಷ್ಟರಲ್ಲಿ ಗಾಢ ಬೂದು. ಆ ಇಳಿಜಾರನ್ನು ಮೊದಲ ತೆಳು ಬಣ್ಣದ ಲೇಪದಲ್ಲೇ, ಅಂದರೆ ಮೊದಲ ವಾಶ್‌ನಲ್ಲೇ ಹಾಕಿ. ಬಲ್ಬಿನ ಚಿತ್ರ ಬಲ್ಬಿನದ್ದು ಅಂತ ಕಾಣೋದು ಹಳದಿ ಬಣ್ಣಕ್ಕಿಂತ ಜಾಸ್ತಿ ಈ ಇಳಿಜಾರಿನಿಂದ.

ಬಲ್ಬು ಕೊಳ್ಳುವಾಗ ಡಬ್ಬಿಯ ಮೇಲೆ ಎರಡು ಸಂಖ್ಯೆ ನೋಡಿ. ಕೆಲ್ವಿನ್, ಅಂದರೆ ಬೆಳಕಿನ ಬಣ್ಣದ ಅಳತೆ: 2700ರಿಂದ 3000 ಹಳದಿ, 4000 ನಡುವಿನದು, 6500 ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ನೀಲಿಬಿಳಿ. ಸಿಆರ್‌ಐ: ಬಲ್ಬು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ ಇದು, 80 ಇದ್ದರೆ ನಡೆಯುತ್ತದೆ, 90ರ ಮೇಲಿದ್ದರೆ ಒಳ್ಳೆಯದು. ಇದು ಕಡಿಮೆ ಇರುವ ಬಲ್ಬಿನಲ್ಲಿ ಮೊದಲು ಸೊರಗೋದು ಕೆಂಪು, ಕುಡಿಕೆ ಮಣ್ಣುಮಣ್ಣಾಗಿ ಕಾಣುತ್ತದೆ. ನಾನು ಹೇಳೋದು, ವಸ್ತುವಿನ ಮೇಲೆ 3000, ನಿಮ್ಮ ಕಾಗದದ ಮೇಲೆ 4000. ಎರಡನೆಯದಕ್ಕೆ ರಟ್ಟಿನ ಮರೆ ಕಟ್ಟಿ, ಅದರ ಬೆಳಕು ಕುಡಿಕೆಯ ನೆರಳಿಗೆ ಸೋರಿದರೆ ಒಂದೇ ಬಲ್ಬು ಇಟ್ಟಿದ್ದಕ್ಕೆ ಅರ್ಥವೇ ಇಲ್ಲ, ಅಲ್ವಾ? ನೆರಳು ತೀರಾ ಕಪ್ಪಾಯಿತು ಅನಿಸಿದರೆ ಇನ್ನೊಂದು ಬಲ್ಬು ಹಾಕಬೇಡಿ, ನೆರಳಿನ ಕಡೆಗೆ ಒಂದು ಥರ್ಮೋಕೋಲ್ ಹಾಳೆ ನಿಲ್ಲಿಸಿ. ಹತ್ತಿರ ತಂದರೆ ನೆರಳು ತಿಳಿ, ದೂರ ಒಯ್ದರೆ ಗಾಢ.

ದೀಪ

ಎಣ್ಣೆದೀಪದ ಬೆಳಕು ಸುಮಾರು 1900 ಕೆಲ್ವಿನ್, ಹಳದಿ ಬಲ್ಬಿಗಿಂತಲೂ ಕೆಂಪು. ಅದರಲ್ಲಿ ನೀಲಿ ಇಲ್ಲವೇ ಇಲ್ಲ ಅನ್ನಬಹುದು. ನೀಲಿ ಸೀರೆ ಕಪ್ಪಾಗುತ್ತದೆ, ಹಸಿರು ಕಂದಾಗುತ್ತದೆ, ಹಳದಿಗೂ ಬಿಳಿಗೂ ವ್ಯತ್ಯಾಸ ಅಳಿಸಿಹೋಗುತ್ತದೆ. ನಮ್ಮ ನಿಂಬೆಹಣ್ಣು ಪಂಚೆಯೊಳಗೆ ಬಹುಮಟ್ಟಿಗೆ ಮರೆಯಾಗಿಬಿಡುತ್ತದೆ, ಅದರ ನೆರಳಿನಿಂದಷ್ಟೇ ಗುರುತು ಹಿಡಿಯಬೇಕು. ಹಾಗಾಗಿ ದೀಪಕ್ಕೆ ಬಣ್ಣಬಣ್ಣದ ವಸ್ತು ಇಡಬೇಡಿ. ಕುಡಿಕೆ, ಹಿತ್ತಾಳೆ, ಮುಖ, ಕೈ, ಇವು ದೀಪಕ್ಕೆ ಹೇಳಿಮಾಡಿಸಿದವು.

ಜ್ವಾಲೆ ಮೇಜಿಗೆ ತೀರಾ ಹತ್ತಿರ. ಅದಕ್ಕಿಂತ ಎತ್ತರದ ವಸ್ತುವಿನ ನೆರಳು ಮೇಜಿನ ಮೇಲೆ ಮುಗಿಯೋದೇ ಇಲ್ಲ, ಗೋಡೆ ಹತ್ತಿ ದೊಡ್ಡದಾಗಿ ನಿಲ್ಲುತ್ತದೆ. ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಗಾದೆ ಮಾತ್ರವಲ್ಲ, ಹಣತೆಯ ಅಂಚು ತನ್ನ ಸುತ್ತ ನಿಜವಾಗಿಯೂ ಒಂದು ಕತ್ತಲ ಬಳೆ ಬೀಳಿಸುತ್ತದೆ. ಅದನ್ನು ಬರೆಯದೆ ಬಿಟ್ಟರೆ ಹಣತೆ ಗಾಳಿಯಲ್ಲಿ ತೇಲುತ್ತದೆ.

ಇದನ್ನು ಚೆನ್ನಾಗಿ ಮಾಡಿದವರನ್ನು ನೋಡಬೇಕಾದರೆ ಮೈಸೂರಿಗೆ ಹೋಗಿ. ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ತುಂಬ ಜನ ಅದು ರವಿವರ್ಮನದು ಅಂದುಕೊಂಡಿದ್ದಾರೆ, ಬರೆದದ್ದು ಎಸ್. ಎಲ್. ಹಲ್ದಣಕರ್, ಮಾಡೆಲ್ ಆಗಿ ನಿಂತವರು ಅವರ ಮಗಳು. ಅದು ಆಯಿಲ್ ಅಲ್ಲ, ಜಲವರ್ಣ. ಒಂದು ಕೈಯಲ್ಲಿ ದೀಪ, ಇನ್ನೊಂದು ಅಂಗೈ ಅದಕ್ಕೆ ಮರೆ. ಆ ಬೆರಳುಗಳನ್ನೇ ನೋಡುತ್ತಾ ನಿಲ್ಲಿ. ಬೆಳಕು ಬೆರಳಿಗೆ ಬಡಿದು ನಿಂತಿಲ್ಲ, ಬೆರಳಿನೊಳಗೆ ಹಾದು ಅಂಚುಗಳನ್ನು ಕೆಂಪಾಗಿಸಿದೆ. ಅಲ್ಲಿ ಬೆಳಕು, ನೆರಳು ಅಂತ ಎರಡೇ ಭಾಗ ಸಾಲದು, ಮೂರನೆಯದೊಂದು ಬೇಕು: ಚರ್ಮದ ಮೂಲಕ ಸೋಸಿ ಬಂದ ಬೆಳಕು. ಕ್ರಿಮ್ಸನ್ ಮತ್ತು ಆರೆಂಜ್ ತೆಳುವಾಗಿ, ಕಾಗದ ಒಳಗಿನಿಂದ ಕಾಣುವ ಹಾಗೆ ಇಟ್ಟರೆ ಮಾತ್ರ ಅದು ಬರುತ್ತದೆ. ಬಿಳಿ ಬಣ್ಣ ಬೆರೆಸಿದ ಕೂಡಲೇ ಸತ್ತುಹೋಗುತ್ತದೆ.

ದೀಪದ ದೊಡ್ಡ ತಲೆನೋವು ನಿಮ್ಮ ಕಾಗದ. ದೀಪದ ಬೆಳಕಲ್ಲೇ ಪ್ಯಾಲೆಟ್ ನೋಡಿದರೆ ಯಾವುದು ಹಳದಿ, ಯಾವುದು ನೀರು ಅಂತಲೇ ಗೊತ್ತಾಗೋದಿಲ್ಲ. ಬಲ್ಬು ಹಾಕಿದರೆ ದೀಪದ ಬೆಳಕು ಸೋಲುತ್ತದೆ. ಎದ್ದು ದೀಪ ನೋಡಿ, ಪಕ್ಕದ ಕೋಣೆಗೆ ಹೋಗಿ ನೆನಪಿನಿಂದ ಬರೆದು, ಮತ್ತೆ ಬಂದು ನೋಡುವುದೇ ವಾಸಿ. ಇಷ್ಟು ಓಡಾಟ ಬೇಡ ಅನ್ನುವವರು 2700ರ ಬಲ್ಬನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಮುಂದೆ ಕಿತ್ತಳೆ ಬಣ್ಣದ ಜಿಲೇಟಿನ್ ಪೇಪರ್ ಕಟ್ಟಿ, ಮುಕ್ಕಾಲು ಭಾಗ ಕೆಲಸ ಆಗುತ್ತದೆ. ಪೇಪರ್ ಬಲ್ಬಿಗೆ ತಾಗದಿರಲಿ.

ಫೋಟೊದಲ್ಲಿ ಒಂದು ಬೆಳಕು, ಚಿತ್ರದಲ್ಲಿ ಇನ್ನೊಂದು

ಅಜ್ಜಿಯ ಫೋಟೊ ಕಿಟಕಿಯ ಬೆಳಕಲ್ಲಿದೆ, ಚಿತ್ರದಲ್ಲಿ ದೀಪದ ಬೆಳಕು ಬೇಕು. ಈ ಆಸೆ ಎಲ್ಲರಿಗೂ ಬರುತ್ತದೆ. ಮೇಲೊಂದು ಆರೆಂಜ್ ವಾಶ್ ಹೊಡೆದರೆ ಆಗುತ್ತೆ ಅಂದುಕೊಳ್ಳುತ್ತಾರೆ. ಆಗೋದಿಲ್ಲ. ಹಳದಿ ಕನ್ನಡಕ ಹಾಕಿಕೊಂಡು ಕಿಟಕಿಯ ಫೋಟೊ ನೋಡಿದ ಹಾಗಿರುತ್ತದೆ ಅಷ್ಟೇ.

ಮೊದಲು ಬಣ್ಣ ಮರೆತು ಎರಡೇ ಟೋನ್‌ನಲ್ಲಿ ಹೊಸ ನೆರಳಿನ ಆಕಾರ ಬರೆಯಿರಿ. ಬೆಳಕು ಕೆಳಗಿನಿಂದ ಬಂದರೆ ಗಲ್ಲದ ಅಡಿ, ಮೂಗಿನ ಅಡಿ, ಮೇಲಿನ ರೆಪ್ಪೆ ಬೆಳಗುತ್ತವೆ, ಹಣೆ ಕತ್ತಲಿಗೆ ಹೋಗುತ್ತದೆ. ಇದನ್ನು ಊಹಿಸಿ ಬರೆಯೋದು ಕಷ್ಟ. ಚಪಾತಿ ಹಿಟ್ಟಿನಲ್ಲಿ ಮುಷ್ಟಿಗಾತ್ರದ ಒಂದು ಮುಖ ಮಾಡಿ, ಮೂಗು, ಕಣ್ಣಿನ ಗುಳಿ, ಗಲ್ಲ ಇದ್ದರೆ ಸಾಕು, ಬಲ್ಬಿನ ಕೆಳಗಿಟ್ಟು ತಿರುಗಿಸಿ ನೋಡಿ. ಫೋಟೊದಲ್ಲಿರುವುದು ಮುಖದ ಹೋಲಿಕೆಗೆ, ಹಿಟ್ಟಿನ ತಲೆ ನೆರಳಿಗೆ. ನೆರಳಿನ ಆಕಾರ ಕೂತ ಮೇಲೆ ಬಣ್ಣ, ಆಮೇಲೆ ಅಂಚು. ಕಿಟಕಿಯ ಮೆತ್ತನೆ ಅಂಚುಗಳು ಕೆಲವು ಕಡೆ ಗಟ್ಟಿಯಾಗಬೇಕಾಗುತ್ತದೆ.

ಎಲ್ಲ ಮುಗಿದರೂ ಏನೋ ಸುಳ್ಳು ಅನಿಸುತ್ತಿದ್ದರೆ ಹೈಲೈಟ್ ನೋಡಿ. ಹೊಳೆಯುವ ಜಾಗಕ್ಕೆ ಬೆಳಕಿನ ಮೂಲದ್ದೇ ಆಕಾರ ಇರುತ್ತದೆ. ನಮ್ಮ ಸ್ಟೀಲ್ ಲೋಟದಲ್ಲಿ ಕಿಟಕಿ ಅಂದರೆ ಬಾಗಿದ ಉದ್ದನೆಯ ಪಟ್ಟಿ, ಸರಳುಗಳ ಗೆರೆ ಸಮೇತ. ಬಲ್ಬು ಅಂದರೆ ಬಿಳಿ ಚುಕ್ಕೆ. ದೀಪ ಅಂದರೆ ಕಿತ್ತಳೆ ಎಳೆ. ಅಜ್ಜಿಯ ಕಣ್ಣಲ್ಲೂ, ಕನ್ನಡಕದಲ್ಲೂ, ಮೂಗುತಿಯಲ್ಲೂ ಇದೇ ಕಥೆ. ಮುಖವನ್ನೆಲ್ಲ ದೀಪಕ್ಕೆ ಬದಲಿಸಿ ಕಣ್ಣಲ್ಲಿ ಮಾತ್ರ ಚೌಕ ಕಿಟಕಿ ಬಿಟ್ಟಿರುತ್ತಾರೆ. ಅದನ್ನು ಅಳಿಸಿ, ದೀಪ ಇರುವ ಕಡೆಗೆ, ಅಂದರೆ ಪಾಪೆಯ ಕೆಳಭಾಗದಲ್ಲಿ, ಒಂದು ಸಣ್ಣ ಹಳದಿ ಚುಕ್ಕೆ ಇಡಿ.

ಹೊಸದಾಗಿ ಫೋಟೊ ತೆಗೆಯುವವರು ಮೊಬೈಲಿನ ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸನ್ನು (ಬೆಳಕಿನ ಹಳದಿ, ನೀಲಿಯನ್ನು ಸರಿದೂಗಿಸುವ ಸೆಟ್ಟಿಂಗ್) ಆಟೋದಿಂದ ತೆಗೆದು ಒಂದು ಕಡೆ ನಿಲ್ಲಿಸಿಕೊಳ್ಳಿ, ಎಕ್ಸ್‌ಪೋಶರನ್ನೂ ಸ್ವಲ್ಪ ಇಳಿಸಿ. ಆಟೋದಲ್ಲಿ ಬಿಟ್ಟರೆ ಅದು ದೀಪದ ಕೆಂಪನ್ನು ಅರ್ಧಕ್ಕರ್ಧ ತೊಳೆದು, ಕತ್ತಲನ್ನು ಎತ್ತಿ ಬೆಳ್ಳಗೆ ಮಾಡಿ ಕೊಡುತ್ತದೆ.